ಬ್ಯಾಕ್ಟೀರಿಯಾ ಯಾರ ಬಾಯಿಯದು?

ಬ್ಯಾಕ್ಟೀರಿಯಾ ಹಾಕದೆ ಬಿಟ್ಟಿದ್ದ ಪ್ರಯೋಗದ ತಟ್ಟೆಯಲ್ಲೂ ವಸಡಿನ ಕೋಶಗಳು ಬೊಬ್ಬೆ ಹಾಕಿದ್ದವು. ಪಿಪೆಟ್ಟಿನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಪಿಪೆಟ್ಟು ಎಂದರೆ, ದ್ರವ ಹೀರಿ ಅಳೆಯುವ ಆ ತೆಳ್ಳನೆಯ ಕೊಳವೆಯಂತೆಯೇ ಇದ್ದ ಸಣಕಲು ಸಂಶೋಧನಾ ವಿದ್ಯಾರ್ಥಿಗೆ ಪ್ರಯೋಗಾಲಯದವರು ಇಟ್ಟ ಹೆಸರು. ಬಾಯಿಯ ಬ್ಯಾಕ್ಟೀರಿಯಾ ತಾಗಿದೊಡನೆ ವಸಡಿನ ಕೋಶಗಳು ಕಳ್ಳ ಬಂದನೆಂದು ಕೂಗುವಂತೆ ಒಂದು ಪ್ರೋಟೀನು ಸುರಿಸಿ, ರಕ್ತದ ಬಿಳಿಕಣಗಳನ್ನು ಸಹಾಯಕ್ಕೆ ಕರೆಯುತ್ತವೆ. ವಸಡು ಕೆಂಪಾಗಿ ಊದುವುದು ಹಾಗೆ. ಅವನ ಪ್ರಬಂಧ ಇದೇ. ಏನೂ ತಾಗದ ತಟ್ಟೆ ತಣ್ಣಗಿದ್ದರೆ ಮಾತ್ರ ಅದಕ್ಕೆ ಬೆಲೆ.

"ಸಂಜೆಯೊಳಗೆ ಕಾರಣ ಹುಡುಕು. ಇಲ್ಲ ಅಂದ್ರೆ ಪ್ರಬಂಧ ಮುಂದಿನ ವರ್ಷಕ್ಕೆ," ಎಂದರು ಪ್ರಯೋಗಾಲಯದ ಮುಖ್ಯಸ್ಥೆ.

ಫ್ರೀಜರ್ ನೋಡಿಕೊಳ್ಳುವ ಅಣ್ಣ ಅವನ ಊದಿದ ವಸಡನ್ನೇ ದಿಟ್ಟಿಸಿದ. "ಕಾರಣ ನಿನ್ನ ಬಾಯಲ್ಲೇ ಇದೆಯಲ್ಲೋ ತಮ್ಮಾ. ತಟ್ಟೆ ಮೇಲೆ ಕೆಮ್ಮಿರ್ತೀಯ."

ಸೂಕ್ಷ್ಮದರ್ಶಕದ ಅಕ್ಕ ಕುರ್ಚಿಯನ್ನು ತುಸು ದೂರ ಎಳೆದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಅವನ ಬಾಯಿ ಇಡೀ ಮಹಡಿಯ ಸ್ವತ್ತಾಗಿತ್ತು; ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರೂ ಉಪ್ಪುನೀರು ಮುಕ್ಕಳಿಸಲು ಹೇಳಿ ಇಳಿದುಹೋದರು.

ಪಿಪೆಟ್ಟಿಗೆ ರೋಷ ಬಂತು. ಹತ್ತಿಕಡ್ಡಿ ಹಿಡಿದು ಎಲ್ಲರ ವಸಡನ್ನೂ ಸವರಿದ, ತನ್ನದನ್ನೂ. ಪಕ್ಷಪಾತ ಬೇಡವೆಂದು ಮುಖ್ಯಸ್ಥೆಯೂ ಬಾಯಿ ತೆರೆದರು. ತಟ್ಟೆಯ ಬ್ಯಾಕ್ಟೀರಿಯಾ ಯಾರದಕ್ಕೆ ಹೊಂದುತ್ತದೆಂದು ನೋಡಲು ಎಲ್ಲವನ್ನೂ ಯಂತ್ರಕ್ಕೆ ಹಾಕಿದ. ಡಿಎನ್‌ಎ ಯಂತ್ರ ಗುಂಯ್‌ಗುಡುವಷ್ಟು ಹೊತ್ತೂ, ಇರುವ ಒಂದೇ ಅಂಗಿ ಒಣಗಲೆಂದು ಕಾಯುವವನಂತೆ ಅದರ ಮುಂದೆ ಕೂತ.

ಸಂಜೆ ಫಲಿತಾಂಶ ಬಂತು. ಅವನ ಬಾಯಿ ನಿರ್ದೋಷಿ. ಊತ ಹೊಸ ಬ್ರಷ್ಷು ಗೀರಿದ್ದರಿಂದ ಆದದ್ದಷ್ಟೇ. ತಟ್ಟೆಗೆ ಬಿದ್ದ ಬ್ಯಾಕ್ಟೀರಿಯಾ ಮುಖ್ಯಸ್ಥೆಯದು. ಮುಚ್ಚಳ ಎತ್ತಿ, ಮಾಸ್ಕು ಇಳಿಸಿ, ತಟ್ಟೆಯ ಮೇಲೇ ಬಗ್ಗಿ ಪಾಠ ಹೇಳುವವರು ಅವರೊಬ್ಬರೇ.

ಪ್ರಬಂಧಕ್ಕೆ ಸಹಿ ಹಾಕಬೇಕಾದವರೂ ಅವರೇ. ಪಿಪೆಟ್ಟು ಅವರ ಕೋಣೆಯ ಬಾಗಿಲಿಗೆ ಬಂದ. ಸತ್ಯ ಗಂಟಲಿನವರೆಗೆ ಬಂದು, ಆಚೀಚೆ ನೋಡಿ, ಹಿಂದಕ್ಕೆ ಹೋಯಿತು.

"ನಂದೇ, ಮೇಡಂ. ತಪ್ಪಾಯ್ತು."

ಮುಖ್ಯಸ್ಥೆ ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು ತಟ್ಟೆಯ ಅಂಕಿಗಳನ್ನು ಮತ್ತೊಮ್ಮೆ ನೋಡಿದರು.

"ನಾವು ಬೆಳೆಸಿದ್ದಕ್ಕಿಂತ ಇದು ಕೋಶಗಳನ್ನ ಜಾಸ್ತಿ ಕೆರಳಿಸಿದೆ ಕಣೋ. ಅಪರೂಪದ ತಳಿ. ಹಳೇ ಪ್ರಬಂಧ ಬಿಡು, ಇನ್ನು ಇದೇ ನಿನ್ನ ವಿಷಯ. ಪ್ರತಿ ಸೋಮವಾರ ನಿನ್ನ ಬಾಯಿಂದ ಹೊಸದಾಗಿ ತೆಗೆದುಕೊಡು. ಸಿಗಲಿಲ್ಲ ಅಂದ್ರೆ ಪದವಿಯೂ ಇಲ್ಲ."

ಅವರು ಕಾಫಿಯ ಕೊನೆಯ ಗುಟುಕು ಮುಗಿಸಿ, ಲೋಟ ಎತ್ತಿಕೊಂಡು ನಲ್ಲಿಯತ್ತ ಹೊರಟರು.

ಪಿಪೆಟ್ಟು ಜೇಬಿನ ಹತ್ತಿಕಡ್ಡಿ ತಡವಿಕೊಂಡು ಬಾಗಿಲಿಗೆ ಅಡ್ಡ ನಿಂತ.

"ಇಲ್ಲಿ ಕೊಡಿ ಮೇಡಂ. ಇನ್ಮೇಲೆ ನಿಮ್ಮ ಲೋಟ ನಾನೇ ತೊಳೀತೀನಿ."