ಬೆಣ್ಣೆ ನಿಂತ ದಿನ

ಆವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಬೆಣ್ಣೆ ಮುದ್ದೆ.

ಬೆಣ್ಣೆಯ ಬೆಲೆ ಅಟ್ಟ ಹತ್ತಿ ಕೂತು, ಇಳಿಯುವ ಲಕ್ಷಣವೇ ಕಾಣದಿದ್ದಾಗ ಹೋಟೆಲಿನ ಯಜಮಾನರು ಒಂದು ತೀರ್ಮಾನಕ್ಕೆ ಬಂದರು. ಇನ್ನು ಮುಂದೆ ಟೊಮೇಟೊ ಸೂಪಿಗೆ ಬೆಣ್ಣೆ ಇಲ್ಲ, ಎಣ್ಣೆ. ಇಡೀ ಬೀದಿ ಆ ಸೂಪನ್ನು 'ಬೆಣ್ಣೆ ಸೂಪು' ಎಂದೇ ಕರೆಯುತ್ತಿತ್ತು. ಆದ್ದರಿಂದ ಕೆಲಸ ಗುಟ್ಟಾಗಿ ನಡೆಯಬೇಕಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಅವರು ಹೆಂಡತಿಯ ತಮ್ಮನನ್ನು ಮೂಲೆಗೆ ಕರೆದರು.

ಈ ತಮ್ಮನಿಗೆ ಹೆತ್ತವರು ಚೆಂದದ ಹೆಸರನ್ನೇ ಇಟ್ಟಿದ್ದರು. ಆದರೆ ಹೋಟೆಲಿನಲ್ಲಿ ಅವನು ಎಲ್ಲರ ಪಾಲಿಗೂ 'ಬಾಮೈದ'. ಹುದ್ದೆ ಮೇಲ್ವಿಚಾರಕನದು, ಕೂರಲು ಒಂದು ಸ್ಟೂಲೂ ಇರಲಿಲ್ಲ.

"ನೋಡು, ಇವತ್ತು ಗಿರಾಕಿಗಳಿಗೆ ತೃಪ್ತಿ ಆಯ್ತೋ ಇಲ್ವೋ ಅಂತ ನೀನೇ ತಿಳ್ಕೊಂಡು ಸಂಜೆ ನಂಗೆ ಹೇಳ್ಬೇಕು" ಎಂದರು ಯಜಮಾನರು. "ಬಾಯಿಬಿಟ್ಟು ಕೇಳ್ಬೇಡ, ಅನುಮಾನ ಬರತ್ತೆ. ಮುಖ ನೋಡು. ಮುಖದಲ್ಲೇ ಎಲ್ಲಾ ಗೊತ್ತಾಗತ್ತೆ."

"ಭಾವ, ನಂಗೆ ಮುಖ ನೋಡಿ ಗೊತ್ತಾಗೋದು ಸ್ವಲ್ಪ..."

"ಇದೊಂದು ಸರಿಯಾಗಿ ಮಾಡು. ಹೊಸ ಹೋಟೆಲ್ ತೆಗೀತೀನಲ್ಲ, ಅಲ್ಲಿ ಗಲ್ಲಾದ ಕುರ್ಚಿ ನಿಂದೇ."

ಕುರ್ಚಿ ಎಂಬ ಮಾತು ಕಿವಿಗೆ ಬಿದ್ದದ್ದೇ ಬಾಮೈದನ ಕಾಲು ತಾನಾಗಿ ನೋಯತೊಡಗಿತು. ಅವನು ಒಪ್ಪಿಕೊಂಡುಬಿಟ್ಟ. ಒಪ್ಪಬಾರದಿತ್ತು. ಮುಖ ಓದುವ ವಿದ್ಯೆಯಲ್ಲಿ ಅವನು ಎಷ್ಟು ಹಿಂದುಳಿದವನೆಂದರೆ, ಹೆಂಡತಿಗೆ ಸಿಟ್ಟು ಬಂದಿದೆ ಎಂಬುದು ಅವನಿಗೆ ತಿಳಿಯುತ್ತಿದ್ದುದು ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಮೇಲೆಯೇ.

ಮೊದಲು ಬಂದವರು ನಿವೃತ್ತ ಮೇಷ್ಟ್ರು. ಕಿಟಕಿ ಪಕ್ಕದ ಮೇಜು, ಒಂದು ಬಟ್ಟಲು ಸೂಪು, ಎರಡು ಚೂರು ಬ್ರೆಡ್ಡು. ವರ್ಷಾನುಗಟ್ಟಲೆಯ ಪದ್ಧತಿ ಅದು. ಒಂದು ಚಮಚ ಬಾಯಿಗಿಟ್ಟು ಅವರು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣು ತೆರೆಯಲೇ ಇಲ್ಲ. ಇದು ಆನಂದವೋ ಸಂಕಟವೋ? ತಿಳಿಯಲೆಂದು ಬಾಮೈದ ಬಗ್ಗಿದ. ಇನ್ನೂ ಸ್ವಲ್ಪ ಬಗ್ಗಿದ. ಮೇಷ್ಟ್ರು ಕಣ್ಣು ಬಿಟ್ಟಾಗ ಅವರ ಮೂಗಿಗೂ ಅವನ ಮೂಗಿಗೂ ನಡುವೆ ಒಂದು ಬ್ರೆಡ್ಡಿನ ಚೂರು ಹಿಡಿಸುವಷ್ಟು ಜಾಗವಿತ್ತು. ಬೆಚ್ಚಿಬಿದ್ದ ಹೊಡೆತಕ್ಕೆ ಚಮಚದ ಸೂಪು ಅಂಗಿಗೆ ಕೆಂಪು ಪದಕ ತೊಡಿಸಿತು.

"ಏನಯ್ಯಾ ಇದು! ನನ್ನ ಮುಖದಲ್ಲೇನು ಸಿನಿಮಾ ಓಡ್ತಿದ್ಯಾ?"

"ಇಲ್ಲ ಮೇಷ್ಟ್ರೆ... ಆರೋಗ್ಯವಾಗಿದ್ದೀರಾ ಅಂತ ನೋಡ್ದೆ."

"ಸೂಪು ಕುಡಿಯೋವಾಗ ಆರೋಗ್ಯ ಯಾಕೆ ನೋಡ್ಬೇಕು?" ಮೇಷ್ಟ್ರು ಬಟ್ಟಲನ್ನು ದುರುಗುಟ್ಟಿಕೊಂಡು ನೋಡಿದರು. "ಹೌದು, ಇವತ್ತು ಯಾಕೋ ಬೇರೆ ಥರ ಇದೆ."

ಬಾಮೈದ ಮೆಲ್ಲಗೆ ಬೇರೆ ಮೇಜಿನತ್ತ ಜಾರಿಕೊಂಡ.

ಆಮೇಲೆ ಬಂದವನು ಎದುರಂಗಡಿಯ ದರ್ಜಿ. ನಾಲ್ಕು ಚಮಚ ಕುಡಿದವನೇ ಮುಖ ಕಿವುಚಿ, ಅರ್ಧ ಬಟ್ಟಲು ಬಿಟ್ಟು ದಡಬಡ ಎದ್ದು ಹೋದ. ಕಿವುಚಿದ ಮುಖ ಕುರುಡನಿಗೂ ಅರ್ಥವಾಗುವಂಥದ್ದು. ಆದರೂ ಖಚಿತ ಮಾಡಿಕೊಳ್ಳಬೇಕಲ್ಲ. ಬಾಮೈದ ಬಟ್ಟಲನ್ನೇ ಎತ್ತಿಕೊಂಡು, ಕಂದನಿಗೆ ತುತ್ತು ತಿನ್ನಿಸಲು ಹೊರಟ ತಾಯಿಯ ಹಾಗೆ ಅವನ ಹಿಂದೆ ಬೀದಿಗಿಳಿದ.

"ಅಣ್ಣಾ, ಅಣ್ಣಾ! ಇನ್ನೂ ಅರ್ಧ ಇದೆ!"

"ಬೇಡಪ್ಪ! ಅಂಗಡೀಲಿ ಅಳತೆ ಕೊಡೋಕೆ ಜನ ಕಾಯ್ತಿದಾರೆ."

"ಅಳತೆ ಆಮೇಲೆ ತಗೋಬಹುದು. ಹೊಟ್ಟೆ ಹೇಗಿದೆ, ಅದು ಹೇಳು!"

ಬೀದಿಯ ಮಧ್ಯೆ ನಿಂತು ಒಬ್ಬ ಹೋಟೆಲಿನವನು ಗಿರಾಕಿಯ ಹೊಟ್ಟೆ ವಿಚಾರಿಸಿಕೊಂಡರೆ ಅದರ ಅರ್ಥವೇನು? ಔಷಧಿ ಅಂಗಡಿಯಮ್ಮ ಆ ಮಾತನ್ನು ಬಾಗಿಲಲ್ಲೇ ಹಿಡಿದಳು. ಅವಳ ಕಿವಿಗೆ ಬಿದ್ದ ಮಾತು ತುಂಬಾ ಹೊತ್ತು ಒಬ್ಬಂಟಿಯಾಗಿ ಇರುತ್ತಿರಲಿಲ್ಲ. ಅದಕ್ಕೆ ಕೂಡಲೇ ಮಕ್ಕಳು, ಮರಿ, ಬಂಧುಬಳಗ ಎಲ್ಲ ಹುಟ್ಟಿಕೊಳ್ಳುತ್ತಿದ್ದವು. ಬಿಸಿಲೇರುವಷ್ಟರಲ್ಲಿ ಸೂಪಿನ ಹಂಡೆಯೊಳಗೆ ಏನೋ ಬಿದ್ದು ಸತ್ತಿದೆ ಎಂದೂ, ಕುಡಿದವರು ಯಾವಾಗ ಉರುಳುತ್ತಾರೋ ಎಂದು ಬಾಮೈದ ಒಬ್ಬೊಬ್ಬರ ಮುಖ ನೋಡುತ್ತ ಅಲೆಯುತ್ತಿದ್ದಾನೆಂದೂ ಬೀದಿಗೆಲ್ಲ ಸುದ್ದಿಯಾಯಿತು.

ಊಟದ ಹೊತ್ತಿಗೆ ಅವಳೇ ಹೋಟೆಲಿಗೆ ಬಂದಳು. ತಗ್ಗಿದ ದನಿಯಲ್ಲಿ, ಆದರೆ ಎಲ್ಲ ಮೇಜಿಗೂ ಕೇಳುವಂತೆ, "ನನ್ನ ಹತ್ರ ಮುಚ್ಚಿಡ್ಬೇಡ ಕಣೋ. ಹಲ್ಲಿಯಾ, ಇಲಿಯಾ? ಅದು ಗೊತ್ತಾದ್ರೆ ಔಷಧಿ ಕೊಡೋಕೆ ಸುಲಭ" ಎಂದಳು.

ಹತ್ತಾರು ಚಮಚಗಳು ಒಟ್ಟಿಗೇ ಬಟ್ಟಲಿಗೆ ಬಿದ್ದವು.

ಅಷ್ಟರಲ್ಲಿ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ಮತ್ತೆ ಪ್ರವೇಶಿಸಿದರು. ಸುದ್ದಿ ಕೇಳುವವರೆಗೂ ಅವರು ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರು.

"ಒಳಗೆ ಏನೋ ಓಡಾಡ್ತಿದೆ ಕಣಯ್ಯಾ! ಬಾಲ ಇದ್ದಂಗಿದೆ!"

"ನಂಗೂ ತಲೆ ಸುತ್ತು!" ಎಂದು ದರ್ಜಿ ಹಿಂದೆಯೇ ಬಂದ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. "ಯಾರದೋ ಸೊಂಟದ ಅಳತೇನ ತೋಳಿಗೆ ಬರ್ಕೊಂಡಿದೀನಿ!"

ಜನ ಎದ್ದರು, ಕುರ್ಚಿಗಳು ಬಿದ್ದವು. ಯಾರೋ ಆಸ್ಪತ್ರೆ ಎಂದರು, ಇನ್ಯಾರೋ ಪೊಲೀಸು ಎಂದರು. ಬಾಮೈದ ಲೆಕ್ಕ ಹಾಕಿದ. ಗುಟ್ಟು ಉಳಿಸಿದರೆ ಹೋಟೆಲೇ ಉಳಿಯುವುದಿಲ್ಲ. ಅವನು ಒಂದು ಬೆಂಚಿನ ಮೇಲೆ ಹತ್ತಿ, ಇದ್ದ ದನಿಯನ್ನೆಲ್ಲ ಒಟ್ಟುಮಾಡಿ ಕೂಗಿದ.

"ಏನೂ ಬಿದ್ದಿಲ್ಲ! ಹಲ್ಲೀನೂ ಇಲ್ಲ, ಇಲೀನೂ ಇಲ್ಲ! ಬೆಣ್ಣೆ ನಿಲ್ಲಿಸಿ ಎಣ್ಣೆ ಹಾಕಿದೀವಿ, ಅಷ್ಟೇ!"

ಮೇಷ್ಟ್ರ ಹೊಟ್ಟೆಯೊಳಗಿನ ಬಾಲ ಆ ಕ್ಷಣವೇ ಮಾಯವಾಯಿತು. ಎಲ್ಲರೂ ಒಂದು ದೊಡ್ಡ ಉಸಿರು ಬಿಟ್ಟರು. ಉಸಿರು ಬಿಟ್ಟು ಮುಗಿದ ಮೇಲೆ ಸಿಟ್ಟಾದರು.

"ಅದೇ ಅಂದ್ಕೊಂಡೆ!" ಎಂದರು ಮೇಷ್ಟ್ರು. "ಮೊದಲನೇ ಚಮಚಕ್ಕೇ ಗೊತ್ತಾಯ್ತು. ಎಣ್ಣೆ ಜಿಡ್ಡು ಗಂಟಲಲ್ಲಿ ನಿಂತುಬಿಡ್ತು. ಈ ನಾಲಿಗೆಗೆ ಮೋಸ ಮಾಡೋಕಾಗಲ್ಲ!"

"ನಿನ್ನೆ ಎಂಥಾ ಘಮ! ಇವತ್ತು ಅದರ ಸುಳಿವೇ ಇಲ್ಲ" ಎಂದ ದರ್ಜಿ.

"ನಮಗೆ ನಿನ್ನೆ ಸೂಪೇ ಬೇಕು!" ಎಂದಳು ಔಷಧಿ ಅಂಗಡಿಯಮ್ಮ. ಅವಳು ಇವತ್ತಿನದನ್ನು ಮುಟ್ಟಿಯೂ ಇರಲಿಲ್ಲ.

ಗದ್ದಲ ಕೇಳಿ ಯಜಮಾನರು ಓಡಿಬಂದರು. ಬೆಂಚಿನ ಮೇಲಿದ್ದ ಬಾಮೈದನನ್ನು ಅವರು ನೋಡಿದ ನೋಟ ಒಂದನ್ನು ಮಾತ್ರ ಅವನು ತಪ್ಪಿಲ್ಲದೆ ಓದಿದ. ಆದರೆ ಯಜಮಾನರು ವ್ಯಾಪಾರಸ್ಥರು. ಗಿರಾಕಿಗಳತ್ತ ತಿರುಗುವಷ್ಟರಲ್ಲಿ ಅವರ ಮುಖ ಬೆಣ್ಣೆಯಾಗಿತ್ತು.

"ತಪ್ಪಾಯ್ತು. ನಾಳೆಯಿಂದ ಮತ್ತೆ ಬೆಣ್ಣೆ. ನಿನ್ನೆ ಕುಡಿದ್ರಲ್ಲ, ಅದೇ ಸೂಪು."

ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಗೆದ್ದ ಸೇನಾಪತಿಯ ಹಾಗೆ ನಡೆದುಹೋದರು. ಹೋಟೆಲು ಬರಿದಾದ ಮೇಲೆ ಬಾಮೈದ ಬೆಂಚಿನಿಂದ ಇಳಿದು, ಆಗಬೇಕಾದ್ದು ಆಗಲಿ ಎಂದು ತಲೆ ತಗ್ಗಿಸಿ ನಿಂತ. ಯಜಮಾನರು ನಿಧಾನವಾಗಿ ನಕ್ಕರು.

"ಹೋಗ್ಲಿ ಬಿಡು. ನಮ್ಮ ಬೆಣ್ಣೆ ರುಚಿ ಜನರ ನಾಲಿಗೇಲಿ ಇಷ್ಟು ಕೂತಿದೆ ಅಂತ ನಂಗೂ ಗೊತ್ತಿರ್ಲಿಲ್ಲ. ಹೋಗಿ ಅಡುಗೆಯವನಿಗೆ ಹೇಳು."

ಕೆಲಸ ಉಳಿಯಿತು! ಬಾಮೈದ ಹಗುರಾಗಿ, ಹೆಚ್ಚುಕಡಿಮೆ ಹಾರಿಕೊಂಡೇ ಅಡುಗೆಮನೆಗೆ ಹೋದ.

"ಅಣ್ಣಾ, ನಾಳೆಯಿಂದ ಎಣ್ಣೆ ಬೇಡ. ಇವತ್ತಿನ ಸೂಪು ಯಾರಿಗೂ ಹಿಡಿಸ್ಲಿಲ್ಲ. ಮತ್ತೆ ಬೆಣ್ಣೆನೇ ಹಾಕು."

ಅಡುಗೆಯವನ ಕೈಯಿಂದ ಸೌಟು ಜಾರಿತು.

"ಇವತ್ತು ಹಾಕಿದ್ದೇ ಬೆಣ್ಣೆ ಕಣಪ್ಪಾ."

"ಏನು?"

"ಇಷ್ಟು ವರ್ಷ ಹಾಕಿದ್ದು ಎಣ್ಣೆ. ಅಮ್ಮನೋರ ಅಪ್ಪಣೆ. ಬಂದ ಬೆಣ್ಣೆಯೆಲ್ಲ ಹಿಂದಿನ ಬಾಗಿಲಿಂದ ಅವರ ಹತ್ರ ಹೋಗ್ತಿತ್ತು. ಬೆಣ್ಣೆ ನಿಂತೋಯ್ತು ಅಂತ ಬೇಜಾರಲ್ಲಿ ಇವತ್ತು ಅವರು ಬರ್ಲಿಲ್ಲ. ನಿನ್ನೆ ತರಿಸಿದ್ದ ಮುದ್ದೆ ಹಾಗೇ ಉಳೀತು. ಕೆಟ್ಟು ಹೋಗತ್ತಲ್ಲ, ಪಾಪ, ಜನ ಒಂದು ದಿನವಾದ್ರೂ ಬೆಣ್ಣೆ ತಿನ್ಲಿ ಅಂತ ಹಾಕ್ಬಿಟ್ಟೆ."

ಬಾಮೈದ ಅಲ್ಲಿದ್ದ ಈರುಳ್ಳಿ ಮೂಟೆಯ ಮೇಲೆ ಕುಸಿದು ಕೂತ. ಅಮ್ಮನೋರು ಎಂದರೆ ಯಜಮಾನರ ಹೆಂಡತಿ. ಅಂದರೆ ಅವನ ಸ್ವಂತ ಅಕ್ಕ! ಅವನು ಕೂತ ಮೂಟೆ ಬೆಚ್ಚಗಾಗುವ ಮೊದಲೇ ಆ ಅಕ್ಕ ಹಿಂದಿನ ಬಾಗಿಲಿನಿಂದ ಒಳಗೆ ಬಂದಳು. ಮುಖದಲ್ಲಿ ಹಬ್ಬದ ಕಳೆ.

"ನನ್ನಪ್ಪಾ, ನೀನು ಬೆಂಚು ಹತ್ತಿ ಕೂಗಿ ನನ್ನನ್ನ ಉಳಿಸ್ದೆ! ಬೇಕರಿಯವನಿಗೆ ವಾರ ವಾರ ಬಿಸ್ಕತ್ತು ಮಾಡಿ ಕೊಡ್ತೀನಿ ಕಣೋ. ಬೆಣ್ಣೆ ಇಲ್ದೆ ಹೇಗೆ ಮಾಡ್ಲಿ ಅಂತ ಬೆಳಗಿಂದ ಅನ್ನ ಇಳಿದಿಲ್ಲ. ನಿಮ್ಮ ಭಾವನಿಗೆ ಮಾತ್ರ ಹೇಳ್ಬೇಡ. ಹೇಳಿದ್ರೆ ನಾನು ಮನೆಬಿಟ್ಟು ನಿಮ್ಮನೆಗೇ ಬರ್ತೀನಿ."

ತನ್ನ ಹೆಂಡತಿಯೂ ಅಕ್ಕನೂ ಒಂದೇ ಅಡುಗೆಮನೆಯಲ್ಲಿರುವ ಚಿತ್ರ ಬಾಮೈದನ ಕಣ್ಣ ಮುಂದೆ ಬಂದು ಹೋಯಿತು. "ಹೇಳಲ್ಲ, ಹೇಳಲ್ಲ" ಎಂದ ತಕ್ಷಣ. ಯೋಚಿಸಿದರೆ ಅದರಲ್ಲಿ ಯಾರಿಗೂ ನಷ್ಟ ಕಾಣಲಿಲ್ಲ. ಗಿರಾಕಿಗಳಿಗೆ ಅವರಿಗೆ ಬೇಕಾದ ಎಣ್ಣೆ, ಅಕ್ಕನಿಗೆ ಬೆಣ್ಣೆ, ಭಾವನಿಗೆ ಹೆಮ್ಮೆ. ಅವನು ನೆಮ್ಮದಿಯಿಂದ ಕಾಲು ಚಾಚಿದ.

ಆಗ ಬಾಗಿಲಲ್ಲಿ ಯಜಮಾನರು ಕಾಣಿಸಿಕೊಂಡರು. ಅಕ್ಕ ಸರಕ್ಕನೆ ಕಪಾಟಿನ ಮರೆಗೆ ಸರಿದಳು.

"ಇಲ್ಲಿದೀಯಾ? ಕೇಳು, ಹೊಸ ಹೋಟೆಲಿನ ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ. ನೀನು ಇಲ್ಲೇ ಬೇಕು. ಜನಕ್ಕೆ ಬೆಣ್ಣೆ ಮೇಲೆ ಇಷ್ಟು ಪ್ರಾಣ ಇರೋವಾಗ ಬೇರೆಯವರನ್ನ ನಂಬೋಕಾಗಲ್ಲ. ನಾಳೆಯಿಂದ ದಿನಾ ಒಲೆ ಪಕ್ಕ ನಿಂತು, ಒಂದು ಚೂರೂ ಆಚೆ ಹೋಗದ ಹಾಗೆ ನಿನ್ನ ಕೈಯಾರೆ ಬೆಣ್ಣೆ ಹಾಕ್ಬೇಕು. ಎರಡರಷ್ಟು ಬೆಣ್ಣೆಗೆ ಹೇಳಿದೀನಿ!"

ಯಜಮಾನರು ಸಂತೋಷವಾಗಿ ಹೊರಟುಹೋದರು. ಬಾಮೈದ ಚಾಚಿದ್ದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡ. ಕಪಾಟಿನ ಮರೆಯಿಂದ ಅಕ್ಕ ಮೆಲ್ಲಗೆ ತಲೆ ಹೊರಹಾಕಿದಳು.

"ಎರಡರಷ್ಟಂತಾ? ಹಾಗಾದ್ರೆ ಬೆಳಿಗ್ಗೆ ಬೇಗ ಬಾ, ನನ್ನೊಬ್ಬಳ ಕೈಲಿ ಹೊರೋಕಾಗಲ್ಲ."