ನಮ್ಮ ಶಾಲೆಗೊಂದು ಗೊಂಬೆಗಳ ಊರು ಆರಿಸಿದ್ದು

ಶಾಲೆಗೆ ಹೊಸದೇನು ಬಂದರೂ ಅದನ್ನು ಮೊದಲು ಮುಟ್ಟಿ ನೋಡುವ ಕೆಲಸ ವಿಜ್ಞಾನದ ಟೀಚರಾದ ನನ್ನ ಕೊರಳಿಗೇ ಬೀಳುತ್ತದೆ. ನಗುವ ಕೆಲಸ ಉಳಿದವರದು. ಈ ಸಲ ಬಂದದ್ದು ವರ್ಚುವಲ್ ಲೋಕ. ಕಂಪ್ಯೂಟರಿನೊಳಗೆ ಒಂದು ಊರು, ಅದರಲ್ಲಿ ನಮಗೂ ಮಕ್ಕಳಿಗೂ ಒಂದೊಂದು ಗೊಂಬೆ. ಗೊಂಬೆಯನ್ನು ಓಡಾಡಿಸುತ್ತ ಪಾಠ ಮಾಡಬೇಕು. ಮೂರು ಕಂಪನಿಯವರು ಒಂದೊಂದು ವಾರ ಪುಕ್ಕಟೆ ಕೊಟ್ಟಿದ್ದರು.

"ಮೂರರಾಗ ಒಂದು ನೀವ ಆರಿಸ್ರಿ ಮೇಡಂ," ಎಂದರು ಹೆಡ್‌ಮಾಸ್ತರು. "ತಪ್ಪಾತಂದ್ರ ವರ್ಷಪೂರ್ತಿ ಅದರಾಗ ಒದ್ದಾಡಬೇಕಾಗತೈತಿ."

ಮೊಲದ ಸಿಟ್ಟು

ಮೊದಲನೆಯದರಲ್ಲಿ ಬರೀ ಪ್ರಾಣಿಗಳ ಗೊಂಬೆ. ಹೆಡ್‌ಮಾಸ್ತರಿಗೆ ಮೊಲ ಬಂತು; ನನಗೆ ಬಂದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಎಂಟನೇ ತರಗತಿಯ ಹುಲಿ-ಸಿಂಹಗಳ ಮುಂದೆ ನಿಂತು ಮೊಲ ಗದರಿತು: "ಯಾರದು, ಹಿಂದ ಕುಂತು ನಗಾಕತ್ತಿದ್ದು?"

ಆನೆಯೊಂದು ಎದ್ದು ನಿಂತಿತು. "ನಾನಲ್ರೀ ಸರ. ಬಾಜೂಕಿನ ಕತ್ತೆ ನಗಾಕತ್ತೈತ್ರಿ."

"ಆ ಕತ್ತೇನ ಮೊದಲ ಹೊರಗ ಹಾಕ್ರಿ!"

ನಾನು ಮೆಲ್ಲಗೆ ಎದ್ದು ಕಂಪ್ಯೂಟರ್ ಕೋಣೆಯಿಂದ ಹೊರಗೆ ಹೋದೆ.

ಗಣಿತದ ದನಿ

ಎರಡನೆಯದರಲ್ಲಿ ಗೊಂಬೆ ದೂರ ಹೋದಷ್ಟೂ ಮಾತು ಸಣ್ಣಗೆ ಕೇಳುತ್ತದೆ. ಇದು ಗೊತ್ತಾದ ಕೂಡಲೇ ಮಕ್ಕಳ ಗೊಂಬೆಗಳೆಲ್ಲ ಊರಿನ ಆ ತುದಿಗೆ ಓಡಿದವು. ಗಣಿತದ ಟೀಚರು ಪಕ್ಕದ ಕೋಣೆಯಲ್ಲಿ ಕೂತು ಪಾಠ ಶುರು ಮಾಡಿದರು. ಅವರು ಧಾರವಾಡದಲ್ಲಿ ಮಗ್ಗಿ ಹೇಳಿದರೆ ಹುಬ್ಬಳ್ಳಿಯ ಮಕ್ಕಳು ಬರೆದುಕೊಳ್ಳಬೇಕು, ಅಂಥ ದನಿ.

ಮಕ್ಕಳ ಹಿಂದೆ ನಿಂತಿದ್ದ ಹೆಡ್‌ಮಾಸ್ತರು ಹಿಗ್ಗಿದರು. "ಎಷ್ಟು ದೂರ ಹೋದ್ರೂ ಖಡಕ್ ಕೇಳತೈತಲ್ರೀ! ಇದನ್ನ ತಗೊಳ್ಳೋಣು."

"ಸರ," ಎಂದೆ ನಾನು, "ಸ್ಪೀಕರ್ ನಾ ಆಗಲೇ ಬಂದ್ ಮಾಡೇನ್ರಿ. ಇದು ಗೋಡಿ ದಾಟಿ ಬರಾಕತ್ತೈತಿ."

ಹರಪ್ಪಾದ ಗಟಾರ

ಮೂರನೆಯದರಲ್ಲಿ ಹರಪ್ಪಾ ನಗರವನ್ನೇ ಕಟ್ಟಿದ್ದರು. ರವಿವಾರ ಮಕ್ಕಳು ಮನೆಯಿಂದಲೇ ಮೊಬೈಲಿನಲ್ಲಿ ಸೇರಬೇಕು. ಇತಿಹಾಸ ಹೆಡ್‌ಮಾಸ್ತರ ವಿಷಯ, ಪಾಠ ಅವರದೇ. ಪಕ್ಕದಲ್ಲಿ ನಾನು.

ಗೊಂಬೆಗಳೆಲ್ಲ ಬಾವಿಯ ಸುತ್ತ ಅಲುಗಾಡದೆ ಕೂತಿದ್ದವು. ಪಿಸುಮಾತಿಲ್ಲ, ಕಿಸಕ್ಕೆಂಬ ನಗುವಿಲ್ಲ. ಇಂಥ ಶಿಸ್ತು ಕಂಡು ಹೆಡ್‌ಮಾಸ್ತರಿಗೆ ಹುರುಪೇರಿತು. ಇಟ್ಟಿಗೆಯ ಗಟಾರ, ಅದರ ಮೇಲೆ ಮುಚ್ಚಳ, ಮನೆಮನೆಯಿಂದ ಅದಕ್ಕೊಂದು ಕಾಲುವೆ ಅಂತ ಮುಕ್ಕಾಲು ತಾಸು ಬಣ್ಣಿಸಿ, "ಪ್ರಶ್ನೆ ಇದ್ರ ಕೇಳ್ರಿ," ಎಂದರು.

ಬಾವಿಯಾಚೆಯ ಒಬ್ಬ ಹುಡುಗಿಯ ಗೊಂಬೆ ಕೈಯೆತ್ತಿತು. ಹೆಡ್‌ಮಾಸ್ತರ ಮುಖ ಅರಳಿತು. "ಭೇಷ್! ಕೇಳವ್ವಾ."

ಬಂದದ್ದು ಮುದುಕಿಯೊಬ್ಬರ ದನಿ. "ಮಾಸ್ತರ, ನಾ ಹುಡುಗಿ ಅಜ್ಜಿ ಅದೀನ್ರಿ, ಕೆಲಗೇರಿಯಾಕಿ. ಕ್ಲಾಸಿನ ಹುಡುಗೂರೆಲ್ಲಾ ಕೂಡಿ ಕೆರಿ ದಂಡಿಗೆ ಆಡಾಕ ಹೋಗ್ಯಾವ್ರಿ. 'ಮೊಬೈಲ್ ಹಿಡ್ಕೊಂಡು ಸುಮ್ನ ಕುಂದ್ರಬೇ ಅಜ್ಜಿ' ಅಂದು ಮೊಮ್ಮಗಳೂ ಹೋಗ್ಯಾಳ. ನಾ ಮೊದಲಿಂದ ಕೇಳೇನ್ರಿ, ಭಾಳ ಛಲೋ ಹೇಳಿದ್ರಿ. ಆ ಗಟಾರ ಕಟ್ಟಿಸಿದವರ ಫೋನ್ ನಂಬರ್ ಇದ್ರ ಕೊಡ್ರಿ. ನಮ್ಮ ಓಣ್ಯಾಗಿಂದು ತುಂಬಿ ಹರಿಯಾಕತ್ತೈತಿ."

ಹೆಡ್‌ಮಾಸ್ತರು ಮೈಕು ಬಂದ್ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮೇಡಂ, ಇದನ್ನ ಆರಿಸ್ರಿ. ಇಪ್ಪತ್ತು ವರ್ಷದಾಗ ನನ್ನ ಪಾಠ ಪೂರಾ ಕೇಳಿದವರು ಇವರೊಬ್ಬರ."