ಪುಸ್ತಕದಲ್ಲಿಲ್ಲದ ನಂಬರು

ರೇವಣಸಿದ್ದಯ್ಯನವರಿಗೆ ಮನುಷ್ಯರು ಕಾಣುವುದು ನಿಂತುಹೋಗಿ ಬಹಳ ಕಾಲವಾಗಿತ್ತು. ಅವರ ಕಣ್ಣಿಗೆ ಬೀಳುತ್ತಿದ್ದುದು ಬರೀ ನಂಬರು. ರಾಜಾಜಿನಗರದ ಕಡೆಯ ಒಂದು ಆಸ್ಪತ್ರೆಯ ರೆಕಾರ್ಡು ಸೆಕ್ಷನ್ನಿನಲ್ಲಿ ಕೂತು, ಡಾಕ್ಟರುಗಳು ಗೀಚಿದ ರೋಗದ ಹೆಸರನ್ನು ಹೇಗೋ ಓದಿ, ದಪ್ಪ ಪುಸ್ತಕ ತೆಗೆದು, ಅದಕ್ಕೆ ತಕ್ಕ ನಂಬರನ್ನು ಕೇಸ್ ಶೀಟಿನ ಮೂಲೆಯಲ್ಲಿ ಬರೆಯುವುದು ಅವರ ಉದ್ಯೋಗ. ನೆಗಡಿಗೆ ನಾನೂರ ಅರವತ್ತು, ದಡಾರಕ್ಕೆ ಸೊನ್ನೆ ಐವತ್ತೈದು. ಜಗತ್ತಿನ ಸಕಲ ಸಂಕಟಗಳೂ ಅವರಿಗೆ ಬಾಯಿಪಾಠ.

ಆ ಪುಸ್ತಕವನ್ನು ಸೋಲಿಸಿದ್ದು ಮನೆಯಲ್ಲಿದ್ದ ಹೆಂಡತಿ. ಎಪ್ಪತ್ತಮೂರನೇ ಇಸವಿಯಲ್ಲಿ ಕಮಲಾಕ್ಷಮ್ಮನ ಮೂತ್ರಪಿಂಡ ಕೆಟ್ಟು ಮೈಯೆಲ್ಲ ಊದಿದಾಗ ಐನೂರ ಎಂಬತ್ತೊಂದು ಎಂಬ ಭರ್ಜರಿ ನಂಬರಿತ್ತು. ಎರಡು ವರ್ಷ ಕಳೆದು ಈಗ ಊತವಿಲ್ಲ, ಪರೀಕ್ಷೆಯಲ್ಲಿ ದೋಷವಿಲ್ಲ, ಉಳಿದಿದ್ದು ಗುಳಿಗೆ ಮಾತ್ರ. ಮೈಯ ರೋಗನಿರೋಧಕ ಶಕ್ತಿಯನ್ನೇ ಅದುಮಿಡುವ ಗುಳಿಗೆ. ಅದನ್ನು ಬಹಳ ಕಾಲ ನುಂಗಬೇಕು, ನೆಗಡಿ ಕೆಮ್ಮಿನವರಿಂದ ಸ್ವಲ್ಪ ದೂರವಿರಬೇಕು ಎಂದಿದ್ದರು ಡಾಕ್ಟರು. (‘ಸ್ವಲ್ಪ’ ಎಂಬ ಮಾತು ರೇವಣಸಿದ್ದಯ್ಯನವರ ಕಿವಿಗೆ ಬೀಳಲೇ ಇಲ್ಲ.)

“ರೋಗ ಹೋಯ್ತು ಅಂತೀರ. ಹಾಗಾದ್ರೆ ಈಗ ನನ್ನ ನಂಬರ್ ಏನ್ರೀ?” ಎಂದು ಆಕೆ ಒಂದು ದಿನ ಕೇಳಿಬಿಟ್ಟಳು.

ಅವರು ವಾರವಿಡೀ ಹುಡುಕಿದರು. ರೈಲಿನಿಂದ ಬಿದ್ದವರಿಗೆ ನಂಬರಿತ್ತು, ನೀರಲ್ಲಿ ಮುಳುಗಿದವರಿಗೆ ಇತ್ತು. ಚೆನ್ನಾಗಿದ್ದೂ ವರ್ಷಗಟ್ಟಲೆ ಗುಳಿಗೆ ನುಂಗುವವರಿಗೆ ಮಾತ್ರ ಇರಲಿಲ್ಲ. ಮಾನ ಉಳಿಸಿಕೊಳ್ಳಲು ಹಳೆಯ ನಂಬರನ್ನೇ ಖಾಯಂ ಮಾಡಿ, ನೆಗಡಿಯವರು ಒಳಗೆ ಬಾರದಂತೆ ತಾವೇ ನಡೆಸುತ್ತಿದ್ದ ಗೇಟಿನ ಕಾವಲನ್ನು ಇನ್ನಷ್ಟು ಬಿಗಿ ಮಾಡಿದರು. ಮೂಗು ಒರೆಸಿಕೊಂಡ ತಪ್ಪಿಗೆ ಎದುರುಮನೆ ವಿಮಲಮ್ಮ ಹೊರಗಿನಿಂದಲೇ ವಾಪಸ್ಸಾದರು.

ಕಮಲಾಕ್ಷಮ್ಮ ಅದನ್ನೆಲ್ಲ ಸಹಿಸಿಕೊಂಡಳು. ಸಹಿಸಲಾಗದ್ದು ಒಂದೇ. ಬಾಪೂಜಿನಗರದ ತಂಗಿ ಜಯದೇವಿಯ ಮಗುವಿಗೆ ಎಂಟು ತಿಂಗಳಾಗಿದ್ದರೂ ಆಕೆ ಅದನ್ನಿನ್ನೂ ಎತ್ತಿಕೊಂಡಿರಲಿಲ್ಲ. ಎರಡು ಸಲ ಗೇಟಿನವರೆಗೆ ಬಂದ ಮಗುವನ್ನು, ಮೂಗಿನ ತುದಿ ತೇವವಾಗಿದೆಯೆಂದು ಇವರು ಹಿಂದಕ್ಕೆ ಕಳಿಸಿದ್ದರು. ಅದಕ್ಕೆಂದು ಹೆಣೆದ ಸ್ವೆಟರು ಹಾಕುವ ಮೊದಲೇ ಚಿಕ್ಕದಾಯಿತು. ಬಿಚ್ಚಿ ದೊಡ್ಡದು ಹೆಣೆದಳು, ಅದೂ ಚಿಕ್ಕದಾಯಿತು. ಈಗ ಮೂರನೆಯದು. ಕಿಟಕಿಯ ಪಕ್ಕ ಕೂತು ರಸ್ತೆ ನೋಡುತ್ತ ಹೆಣೆಯುವಾಗ ಆಕೆಗೆ ಅಳು ಬರುತ್ತಿತ್ತು.

ಭಾನುವಾರ ಜಯದೇವಿ ಮತ್ತೆ ಬಂದಳು. ರೇವಣಸಿದ್ದಯ್ಯ ಟಾರ್ಚು ಹಿಡಿದು ಗೇಟಿಗೆ ನಡೆದರು. ಮಗುವಿನ ಮೂಗು ನೋಡಿದರು, ಗಂಟಲು ನೋಡಿದರು, ಕಿವಿಯನ್ನೂ ಬಿಡಲಿಲ್ಲ. ಒಂದು ನಂಬರೂ ಹೊಂದಲಿಲ್ಲ. ಸರಿ, ಒಳಗೆ ಬಾರಮ್ಮ ಎನ್ನಲು ಬಾಯಿ ತೆರೆದರೆ ಬಂದದ್ದು ಸೀನು. ಪುಣ್ಯಕ್ಕೆ ರಸ್ತೆಯ ಕಡೆ ತಿರುಗಿಕೊಂಡರು. ಒಂದಲ್ಲ, ಮೂರು ಸೀನು, ಜೊತೆಗೆ ಮೂಗಿನಲ್ಲಿ ನೀರು.

“ಎಷ್ಟನೇ ನಂಬರ್ರೀ ಅದು?” ಎಂದು ಕಿಟಕಿಯಿಂದ ಮೆಲ್ಲಗೆ ಪ್ರಶ್ನೆ ಬಂತು.

ಹದಿನೈದು ವರ್ಷದ ಸರ್ವೀಸಿನಲ್ಲಿ ಅವರು ಸುಳ್ಳು ನಂಬರು ಬರೆದವರಲ್ಲ. “ನಾನೂರ ಅರವತ್ತು,” ಎಂದರು.

ಮಗು ಒಳಗೆ ಹೋಯಿತು, ಅವರ ಚಾಪೆ ಜಗಲಿಗೆ ಬಂತು. ಊಟ ಕಿಟಕಿಯಿಂದ. ಸರಳುಗಳ ಸಂದಿಯಲ್ಲಿ ಅವರು ನೋಡುತ್ತಿದ್ದರು. ಸ್ವೆಟರು ಅಳತೆಗೆ ಸರಿಯಾಗಿ ಕೂತಿತು. ಮಗು ದೊಡ್ಡಮ್ಮನ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಹಿಡಿದೆಳೆಯಿತು, ಕಮಲಾಕ್ಷಮ್ಮ ನಕ್ಕಳು. ಆ ನಗು ಕೇಳಿ ಎರಡು ವರ್ಷವಾಗಿತ್ತು. ಒಳಗೆ ಹೋಗಿ ಅವಳ ಪಕ್ಕ ಕೂರಬೇಕೆಂದು ಅವರ ಜೀವ ಹಂಬಲಿಸಿತು.

“ಒಂಚೂರು ಕಿಟಕಿ ಹತ್ರ ಬಾರೇ. ಇಬ್ರನ್ನೂ ನೋಡ್ಬೇಕು ಅನ್ಸ್ತಿದೆ.”

ಕಮಲಾಕ್ಷಮ್ಮ ಮಗುವನ್ನೆತ್ತಿಕೊಂಡು ಎರಡು ಹೆಜ್ಜೆ ಬಂದಳು, ಅಲ್ಲೇ ನಿಂತಳು.

“ಎರಡು ವರ್ಷ ನಾನು ಈ ಕಡೆಯಿಂದ ನೋಡಿದೀನಿ. ನಾಲ್ಕು ದಿನ ನೀವು ಆ ಕಡೆಯಿಂದ ನೋಡಿ,” ಎಂದಳು. “ನಂಬರ್ ಇರೋದು ನಿಮಗೆ ಕಣ್ರೀ. ನಂದು ಪುಸ್ತಕದಲ್ಲೇ ಇಲ್ಲ.”